ಭರಮಪ್ಪನ ಎಡಗಾಲು

"ಇನ್ನೊಂದೀಟು ಎಣ್ಣಿ ಹಾಕ್ರಿ, ಮೆತ್ತಗಾಗತೈತಿ," ಎನ್ನುತ್ತ ಬಸಲಿಂಗಪ್ಪ ತಮ್ಮ ಭರಮಪ್ಪನ ಎಡಮಂಡಿಯನ್ನು ಎರಡೂ ಕೈಯಿಂದ ಒತ್ತಿದ. ಮಂಡಿ ಬಗ್ಗಲಿಲ್ಲ. ನಾಲ್ಕು ವರ್ಷದ ಹುಡುಗನಿದ್ದಾಗ ಪೋಲಿಯೋ ಬಂದು ಸೆಟೆದು ನಿಂತ ಕಾಲು ಅದು. ಟೇಲರ್ ಭರಮಪ್ಪ ಬೆಳಗಿನ ಪೂಜೆ ಮುಗಿಸಿ, ಚಹಾ ಕುಡಿದು, ಕುಳಿತಲ್ಲೇ ಪ್ರಾಣ ಬಿಟ್ಟ ಮಾತ್ರಕ್ಕೆ ಅದು ತನ್ನ ಹಟ ಬಿಡುವಂತೆ ಕಾಣಲಿಲ್ಲ.

ಖಾನಾಪುರದ ಆ ಸಣ್ಣ ಮನೆಯ ಪಡಸಾಲೆಯಲ್ಲಿ ಭರಮಪ್ಪ ಗೋಡೆಗೆ ಒರಗಿದ್ದ. ಹಣೆಯಲ್ಲಿ ವಿಭೂತಿ, ಅಂಗೈಯಲ್ಲಿ ಲಿಂಗ. ಬಲಗಾಲು ಮಡಚಿತ್ತು, ಎಡಗಾಲು ಮಾತ್ರ ಬಾಗಿಲಿನತ್ತ ನೇರ ಚಾಚಿಕೊಂಡಿತ್ತು. ಅವರ ಮನೆತನದಲ್ಲಿ ತೀರಿದವರನ್ನು ಪದ್ಮಾಸನ ಹಾಕಿಸಿ, ಕೂಡ್ರಿಸಿಯೇ ಮಣ್ಣು ಮಾಡುವುದು.

ಕುಣಿ ತೋಡುವ ತಮ್ಮಣ್ಣ ಹೊಸ್ತಿಲಲ್ಲಿ ನಿಂತಿದ್ದ. ತೀರಿದವರ ಪಾದದ ಅಳತೆಯಿಂದಲೇ ಕುಣಿ ತೋಡಬೇಕು. "ಯಾವ ಪಾದ ಹಿಡೀಲಿರೀ ಯಜಮಾನ್ರ? ಎಡಕಿಂದು ಒಂದ, ಬಲಕಿಂದು ಒಂದ ಅಳತಿ ಐತಿ."

"ತಡಿಯಪಾ. ಮೊದಲ ಈ ಕಾಲ ಮಡಚೂಣು. ಹಿಂಗ ಆಗಲಿಲ್ಲಂದ್ರ ಜೋರಾಗಿ ಒಂದ ಝಟಕಾ ಕೊಡಬೇಕಾಗತೈತಿ."

"ಮುರೀತೈತ್ರಿ."

"ಅವಗೇನ ಈಗ ನೋವಾಗತೈತೇನು? ಕಾಲ ಚಾಚಿ ದೇವರ ಮುಂದ ಕುಂದರ್ತಾರೇನು ಯಾರರ?"

ಮೂಲೆಯಲ್ಲಿ ಹೆಂಗಸರ ನಡುವೆ ಕುಳಿತಿದ್ದ ಭರಮಪ್ಪನ ಹೆಂಡತಿ ಶಿವಲಿಂಗವ್ವ ತಲೆ ಎತ್ತಿದಳು. ಝಟಕಾ ಎಂಬ ಮಾತು ಅವಳ ಕಿವಿಗೆ ಬಿದ್ದಿತ್ತು. ಮೂವತ್ತೆಂಟು ವರ್ಷ ಎಣ್ಣೆ ತಿಕ್ಕಿದ ಕಾಲು. ಅದನ್ನು ಮುರಿಸಿ ಕಳಿಸುವುದೇ? ಅವಳು ಸೆರಗು ಸರಿಮಾಡಿಕೊಂಡು ಎದ್ದಳು.

*

ಆರು ವರ್ಷದ ಹಿಂದೆ ಇದೇ ಕಾಲಿಗಾಗಿ ಗಂಡ ಹೆಂಡತಿ ಬೆಳಗಾವಿಯ ದವಾಖಾನೆಗೆ ಹೋಗಿದ್ದರು. ಅಂಗವಿಕಲರ ಕಾರ್ಡಿಗೆ ಅರ್ಜಿ ಹಾಕಿಯಾಗಿತ್ತು. ಡಾಕ್ಟರು ನೋಡಿ ಶೇಕಡಾ ಎಷ್ಟೆಂದು ಬರೆಯಬೇಕು. ನಲವತ್ತು ದಾಟಿದರೆ ಮಾಸಾಶನ, ಬಸ್ ಪಾಸು. ಭರಮಪ್ಪ ಇಸ್ತ್ರಿ ಅಂಗಿ ತೊಟ್ಟು, ವಿಭೂತಿ ಧರಿಸಿ, ಒಬ್ಬನೇ ಒಳಗೆ ಹೋದ.

"ಹೆಂಗದೀರಿ?" ಎಂದರು ಡಾಕ್ಟರು.

"ಶಿವನ ದಯಾ, ಎಲ್ಲಾ ಛಲೋ ಐತ್ರಿ."

"ಮಂಡಿ ಬಗ್ಗತೈತೇನು?"

"ಅದರ ಪಾಡಿಗೆ ಅದು ಹೊಂದ್ಕೊಂಡು ಹೊಂಟೈತ್ರಿ."

"ಮೆಟ್ಟಲಾ ಏರ್ತೀರಿ?"

"ಈಗ ಎರಡ ಮಜಲಾ ಏರೇ ಬಂದೀನಲ್ರೀ ಸಾಹೇಬ್ರ!"

ಹೊರಗೆ ಮುನ್ನೂರು ಜನ ಕಾಯುತ್ತಿದ್ದರು. ಡಾಕ್ಟರು ನಕ್ಕು ಮೂವತ್ತೈದು ಎಂದು ಬರೆದರು.

ಶಿವಲಿಂಗವ್ವ ಕಾಗದ ನೋಡಿ ಹಣೆ ಬಡಿದುಕೊಂಡಳು. "ಒಳಗ ಏನ ಹೇಳಿ ಬಂದ್ರಿ?"

"ಅವರು ಪ್ರೀತಿಲೆ ಕೇಳಿದ್ರು. ಕೊಟ್ಟಾಂವ ಮ್ಯಾಲಿನಾಂವ. ಅವನ ಮ್ಯಾಲೆ ನಾ ಹೆಂಗ ತಕರಾರ ಮಾಡ್ಲಿ?"

"ಅಂವ ಕೊಟ್ಟ ಕಾಲ ಇದ್ದಂಗ ಹೇಳಾಕ ನಿಮಗೇನ ಧಾಡಿ? ಅದರ ಪರವಾಗಿ ನೀವ್ಯಾಕ ಸುಳ್ಳ ಹೇಳ್ತೀರಿ?"

ಭರಮಪ್ಪ ಕಾಗದ ಮಡಚಿ ಕಿಸೆಗಿಟ್ಟುಕೊಂಡು ಬಸ್ಸು ಹತ್ತಿದ. ಖಾನಾಪುರದಲ್ಲಿ ಇಳಿದ ಮೇಲೆ ನಿಧಾನ ಅಂದ: "ಖರೇ ಐತಿ ನೀ ಅಂದಿದ್ದು."

ಮೇಲ್ಮನವಿ ಹಾಕಿ ಎರಡನೆಯ ಸಲ ಹೋದಾಗ ಅವಳೂ ಒಳಗೆ ನಡೆದಳು. ಈ ಸಲ ಮೂವರು ಡಾಕ್ಟರು.

"ಮಂಡಿ ಬಗ್ಗತೈತೇನು?"

"ಶಿವನ ದ..."

ಅವಳು ಮೊಣಕೈಯಿಂದ ತಿವಿದಳು. ಭರಮಪ್ಪ ಕಣ್ಣು ಮುಚ್ಚಿ, ಉಸಿರೆಳೆದುಕೊಂಡು, ಜೀವಮಾನದಲ್ಲೇ ಮೊದಲ ಬಾರಿಗೆ ಹೇಳಿದ: "ಇಲ್ರಿ. ಬಗ್ಗೂದಿಲ್ಲ."

"ಆ ಪಾದದ ಉಗುರ ನಾನ ತಗೀತೀನ್ರಿ," ಎಂದಳು ಶಿವಲಿಂಗವ್ವ. "ಲಗ್ನಾದಾಗಿಂದ."

*

ಪಡಸಾಲೆಗೆ ಮರಳಿದ ಶಿವಲಿಂಗವ್ವನ ಕೈಯಲ್ಲಿ ದೇವರ ಜಗುಲಿಯ ಮೇಲೆ ವಿಭೂತಿಗಟ್ಟಿಯ ಬಾಜು ಇಟ್ಟಿದ್ದ ಕಾಗದವಿತ್ತು. ಅವಳು ಅದನ್ನು ಬಸಲಿಂಗಪ್ಪನ ಮುಂದೆ ಹಿಡಿದಳು.

"ಓದ್ರಿ ಭಾವಾರ. ಎಲ್ಲಾರಿಗೂ ಕೇಳೂವಂಗ."

ಬಸಲಿಂಗಪ್ಪ ಚಾಳೀಸನ್ನು ಮೂಗಿನ ಮೇಲೆ ಏರಿಸಿದ. "ಎಡ ಮಂಡಿ... ಬಗ್ಗುವುದಿಲ್ಲ. ಶೇಕಡಾ ನಲವತ್ತೈದು. ಶಾಶ್ವತ."

"ಮೂರ ಮಂದಿ ಡಾಕ್ಟರ್ ಸಹಿ ಮಾಡ್ಯಾರ. ಎರಡ ಸಲ ಬೆಳಗಾವಿಗೆ ಅಡ್ಡಾಡಿ ತಂದೀನಿ. ಇನ್ನ ನಿಮ್ಮ ಮುಂದೂ ಒಂದ ಅರ್ಜಿ ಹಾಕ್ಲೇನು?"

ಹೆಂಗಸರ ಗುಂಪಿನಲ್ಲಿ ಯಾರೋ ಸೆರಗು ಬಾಯಿಗೆ ಒತ್ತಿಕೊಂಡರು. ಡ್ಯೂಟಿ ಬಿಟ್ಟು ಖಾಕಿಯಲ್ಲೇ ಬಂದಿದ್ದ ಕಂಡಕ್ಟರ್ ಲಕ್ಷ್ಮಣ ಮಾತ್ರ ನಕ್ಕೇಬಿಟ್ಟ. ಪ್ರತಿ ಶನಿವಾರ ದಾರ, ಗುಂಡಿ ತರಲು ಭರಮಪ್ಪ ಅವನ ಬಸ್ಸಿನಲ್ಲೇ ಬೆಳಗಾವಿಗೆ ಹೋಗುತ್ತಿದ್ದ. ಮುಂದಿನ ಸೀಟು, ಕೈಯಲ್ಲಿ ಪಾಸು, ನಡುದಾರಿಯಲ್ಲಿ ಚಾಚಿದ ಕಾಲು. ಹತ್ತಿದವರಿಗೆಲ್ಲ ಲಕ್ಷ್ಮಣ ಕೂಗುತ್ತಿದ್ದ: "ಕಾಲ ಎತ್ತಿ ದಾಟ್ರಿ, ಸರ್ಕಾರಿ ಕಾಲ ಐತಿ!" ಭರಮಪ್ಪನೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ.

"ಸೀಲ್ ಸೈತ ಐತಿ ನೋಡ್ರಿ ಯಜಮಾನ್ರ," ಎಂದ ಲಕ್ಷ್ಮಣ.

ಬಸಲಿಂಗಪ್ಪ ಕಾಗದ ಮಡಚಿದ. "ಸಣ್ಣಾಂವ ಇದ್ದಾಗ ಸಾಲಿಗೆ ನಾನ ಹೊತಗೊಂಡು ಒಯ್ತಿದ್ದೆ ಇವನ್ನ," ಎಂದ, ದನಿ ಇಳಿಸಿ. "ಒಮ್ಮೆರ ಎಲ್ಲಾರಂಗ ಕುಂದರ್ಲಿ ಅಂತ ಇತ್ತು ನನಗ."

ಕ್ರಿಯಾವಿಧಿಗೆ ಬಂದಿದ್ದ ಮಠದ ಅಯ್ಯನವರು ಹೇಳಿದರು: "ಲಿಂಗ ಅಂಗೈಯಾಗ ಐತಿ, ಅಷ್ಟ ಸಾಕು. ಬಾಳಿದಂಗ ಕುಂದರ್ಲಿ ಬಿಡ್ರಿ."

"ಹಂಗಾದ್ರ ಪಾದ?" ಎಂದ ತಮ್ಮಣ್ಣ.

"ದೊಡ್ಡದ ಹಿಡಿಯಪಾ," ಎಂದಳು ಶಿವಲಿಂಗವ್ವ. "ಹಿಮ್ಮಡಿ ಇಡಾಕ ಮುಂದ ಒಂದ ಗೇಣ ಹೆಚ್ಚ ತಗಿ."

ಮಧ್ಯಾಹ್ನದ ಬಿಸಿಲಲ್ಲಿ ಭರಮಪ್ಪನನ್ನು ಕುಣಿಯೊಳಗೆ ಕೂಡ್ರಿಸಿದರು. ತಮ್ಮಣ್ಣ ಹೆಚ್ಚಿಗೆ ಕೊರೆದ ಜಾಗದಲ್ಲಿ ಎಡಗಾಲು ಆರಾಮಾಗಿ ಚಾಚಿಕೊಂಡಿತು. ಪತ್ರಿ ಏರಿಸಲು ಎಲ್ಲರಿಗಿಂತ ಮೊದಲು ಇಳಿದ ಲಕ್ಷ್ಮಣ ಕೆಳಗೆ ನೋಡದೆಯೇ ಕಾಲೆತ್ತಿ ದಾಟಿದ. ಅವನ ಹಿಂದೆ ಇಳಿದ ಶನಿವಾರದ ಬಸ್ಸಿನವರೂ ಒಬ್ಬೊಬ್ಬರಾಗಿ, ಧೋತರ ತುಸು ಎತ್ತಿ ದಾಟಿದರು.

ಕೊನೆಗೆ ಇಳಿದವನು ಬಸಲಿಂಗಪ್ಪ. ಬೆಳಗಾವಿಯ ಸದಾಶಿವನಗರದಿಂದ ಯಾವಾಗಲೂ ಕಾರಿನಲ್ಲೇ ಬರುತ್ತಿದ್ದವನಿಗೆ ಆ ರೂಢಿ ಇರಲಿಲ್ಲ. ಇನ್ನೇನು ಎಡವುವುದರಲ್ಲಿದ್ದ.

"ಸಾವಕಾಶ ಭಾವಾರ," ಎಂದಳು ಶಿವಲಿಂಗವ್ವ ಮೇಲಿನಿಂದ. "ಕಾಲ ಎತ್ತಿ ದಾಟ್ರಿ."

ಬಸಲಿಂಗಪ್ಪ ಕಾಲೆತ್ತಿದ.