ಮುಚ್ಚಿದ ಡಬ್ಬಗಳ ವಾಸನೆ

ನಮ್ಮ ಮನೆಗೆ ಬಂದವರು ಮೊದಲು ಮೂಗು ಮುಚ್ಚಿಕೊಳ್ಳುತ್ತಾರೆ, ಆಮೇಲೆ ಕ್ಷೇಮ ಸಮಾಚಾರ ಕೇಳುತ್ತಾರೆ. ಮುಂದೆ ಮರದ ಸಾಮಾನಿಗೆ ಪಾಲಿಶ್ ಹಚ್ಚುವ ಅಂಗಡಿ, ಹಿಂದೆ ಮನೆ, ನಡುವೆ ಒಂದೇ ಬಾಗಿಲು. ಮೇಜು, ಮಂಚ, ಬೀರು ಏನೇ ಬರಲಿ, ನಮ್ಮವರು ಅದನ್ನು ಉಪ್ಪುಕಾಗದದಲ್ಲಿ ಉಜ್ಜಿ, ತಿನ್ನರ್ ಬೆರೆಸಿದ ಪಾಲಿಶ್ ಹಚ್ಚಿ, ಮುಖ ಕಾಣುವ ಹಾಗೆ ಮಾಡಿ ಕಳಿಸುತ್ತಾರೆ. ಮದುವೆಯಾದ ಹೊಸದರಲ್ಲಿ ಆ ತಿನ್ನರ್ ವಾಸನೆಗೆ ನನಗೆ ತಲೆ ಸಿಡಿಯುತ್ತಿತ್ತು. ಈಗ ಅದು ಇದೆ ಎನ್ನುವುದೇ ಗೊತ್ತಾಗುವುದಿಲ್ಲ. ರಜೆಯ ದಿನ ಮಾತ್ರ ಡಬ್ಬಗಳ ಮುಚ್ಚಳ ಬಡಿದು, ಕಪಾಟಿಗೆ ಸೇರಿಸಿ, ಕಿಟಕಿ ತೆರೆದಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಮನೆಯಲ್ಲಿ ಯಾವ ವಾಸನೆಯೂ ಇರುವುದಿಲ್ಲ.

ಆ ಕಪಾಟಿನ ಬೀಗದ ಕೈ ಇರುವುದು ಅತ್ತೆಯ ಸೊಂಟದಲ್ಲಿ. ನಮ್ಮವರು ತಲೆ ನರೆತ ಗಂಡಸು, ಆದರೂ ಬೆಳಿಗ್ಗೆ ಕೆಲಸ ಶುರು ಮಾಡಲು ಅಮ್ಮನ ಮುಂದೆ ಕೈ ಚಾಚಬೇಕು. ಇದಕ್ಕೆಲ್ಲ ಕಾರಣ ಪುಟ್ಟಿ.

ಪುಟ್ಟಿ ನನ್ನ ನಾದಿನಿ. ನಾನು ಕಂಡವಳಲ್ಲ, ಗೋಡೆಯ ಫೋಟೋದಲ್ಲಿ ಎರಡು ಜಡೆ ಹಾಕಿಕೊಂಡು ನಗುತ್ತಾಳೆ. ಶಾಲೆ ಮುಗಿಯುವ ವಯಸ್ಸಿನಲ್ಲಿ ಹುಡುಗಿ ಇದ್ದಕ್ಕಿದ್ದಂತೆ ಕಡ್ಡಿಯಾದಳಂತೆ. ಎಷ್ಟು ನೀರು ಕುಡಿದರೂ ಬಾಯಾರಿಕೆ ಅನ್ನುತ್ತಿದ್ದಳಂತೆ. ಬಾಯಲ್ಲಿ ತಿನ್ನರ್ ವಾಸನೆ. ಡಬ್ಬ ತೆರೆದು ಕದ್ದು ಮೂಸುತ್ತಾಳೆ, ಅದರ ಚಟ ಹತ್ತಿದೆ ಎಂದು ಮನೆಯವರಿಗೆ ಅನ್ನಿಸಿತು. ತಿನ್ನರ್ ಇರುವ ಮನೆಯಲ್ಲಿ ಬೇರೆ ಏನು ಅನ್ನಿಸೀತು? ಕಪಾಟಿಗೆ ಬೀಗ ಬಿತ್ತು. ಬೀಗ ಬಿದ್ದ ಮೇಲೂ ವಾಸನೆ ಹೋಗಲಿಲ್ಲ. ಕೆಲವೇ ದಿನಕ್ಕೆ ಒಳಕೋಣೆಯಲ್ಲಿ ಮಲಗಿದವಳು ಮತ್ತೆ ಏಳಲಿಲ್ಲ. ತಿನ್ನರ್ ನನ್ನ ಮಗಳನ್ನು ತಿಂದುಬಿಟ್ಟಿತು ಎಂದು ಅತ್ತೆ ಇಂದಿಗೂ ಹೇಳುತ್ತಾರೆ. ಆ ಒಳಕೋಣೆ ಈಗ ನಾವು ಗಂಡ ಹೆಂಡತಿ ಮಲಗುವ ಕೋಣೆ.

ನಮ್ಮವರಿಗೆ ಸಕ್ಕರೆ ಕಾಯಿಲೆ, ಜೊತೆಗೆ ಗುಡಾಣದಂಥ ಹೊಟ್ಟೆ. ಕ್ಲಿನಿಕ್ಕಿನ ಡಾಕ್ಟರು ಮಾತ್ರೆ ಬದಲಾಯಿಸಿ, ರಕ್ತದ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಕಳಿಸುವ ಹೊಸ ಮಾತ್ರೆಯೊಂದನ್ನು ಕೊಟ್ಟಿದ್ದರು. ಅದೇ ಹೊತ್ತಿಗೆ ನಮ್ಮಲ್ಲಿಗೆ ಪಾಲಿಶ್‌ಗೆ ಸಾಮಾನು ತರುವ ಬಡಗಿ ಬಂದ. ಅವನ ಅಡ್ಡಹೆಸರು ಡ್ರಮ್ಮು. ಹೆಸರಿಗೆ ತಕ್ಕ ಮೈಯಿದ್ದವನು ಈಗ ಹಲಗೆಯ ಹಾಗೆ ಸಪಾಟಾಗಿ ನಿಂತಿದ್ದ. ಹಳೆಯ ಪ್ಯಾಂಟನ್ನು ಎರಡು ಕೈಯಲ್ಲಿ ಹಿಡಿದುಕೊಂಡೇ ಓಡಾಡುತ್ತಿದ್ದ. ಕೀಟೋ ಊಟವಂತೆ. ಅನ್ನ ಬಿಡು, ಬ್ರೆಡ್ ಬಿಡು, ಆಲೂಗಡ್ಡೆ, ಸಕ್ಕರೆ ಕಡೆ ತಿರುಗಿಯೂ ನೋಡಬೇಡ. ಮೊಟ್ಟೆ, ಮಾಂಸ, ಬೆಣ್ಣೆ, ಸೊಪ್ಪು ತಿನ್ನು. ಸಕ್ಕರೆ ಸಿಗದೆ ಮೈ ತನ್ನ ಕೊಬ್ಬನ್ನೇ ಸುಟ್ಟುಕೊಳ್ಳುತ್ತದೆ ಎಂದು ಅವನು ಮೇಷ್ಟ್ರ ಹಾಗೆ ಪಾಠ ಮಾಡಿದ. ಮಂಡಿ ನೋವು ಮಾಯವಾಗಿದೆ, ಮಧ್ಯಾಹ್ನದ ತೂಕಡಿಕೆ ಹೋಗಿದೆ ಎಂದ. ಸುಳ್ಳು ಹೇಳುವ ಜಾಯಮಾನ ಅವನದಲ್ಲ.

ನಮ್ಮವರು ಹಿಡಿದರೆ ಉಡದ ಪಟ್ಟು. ಅಂದಿನಿಂದ ಒಂದು ಅಗುಳು ಅನ್ನ ಮುಟ್ಟಲಿಲ್ಲ. ಹೊಟ್ಟೆ ಕರಗಿತು, ಮೀಟರಿನಲ್ಲಿ ಸಕ್ಕರೆ ಇಳಿಯಿತು, ಮೇಜಿನ ಕೆಳಗೆ ನುಗ್ಗಿ ಅದರ ಕಾಲು ಉಜ್ಜುವಾಗ ಬರುತ್ತಿದ್ದ ಏದುಸಿರು ನಿಂತಿತು. ಕನ್ನಡಿ ನೋಡುವ ಹೊಸ ಚಟವೂ ಅಂಟಿತು. ಮದುವೆಗೆ ಹುಡುಗಿ ನೋಡ್ತಿದ್ದೀರೇನು ಎಂದು ನಾನು ಕೆಣಕಿದೆ. ಖುಷಿ ನನಗೂ ಇತ್ತು, ಸುಳ್ಳು ಯಾಕೆ ಹೇಳಲಿ. ಡಾಕ್ಟರಿಗೆ ಒಂದು ಮಾತು ಹೇಳಿ ಎಂದರೆ, ಊಟಕ್ಕೂ ಅವರ ಅಪ್ಪಣೆ ಬೇಕಾ ಎಂದು ಹಾರಿಸಿಬಿಟ್ಟರು. ಮಾತ್ರೆಯನ್ನು ಮಾತ್ರ ತಪ್ಪದೆ ನುಂಗುತ್ತಿದ್ದರು.

ಆಮೇಲೆ ಒಂದು ರಜೆಯ ದಿನ, ಡಬ್ಬಗಳೆಲ್ಲ ಬೀಗದೊಳಗೆ ಇರುವಾಗ, ಒಳಕೋಣೆಯಲ್ಲಿ ಆ ತಿನ್ನರ್ ವಾಸನೆ ಬಂತು. ನಾನು ಒಗೆದ ಬಟ್ಟೆ ಮಡಿಸಿಡಲು ಹೋಗಿದ್ದೆ. ನಮ್ಮವರು ಊಟ ಮುಗಿಸಿ ಅಡ್ಡಾಗಿದ್ದರು. ಕಪಾಟಿನ ಬೀಗ ಜಗ್ಗಿ ನೋಡಿದೆ, ಭದ್ರವಾಗಿತ್ತು. ಅಂಗಡಿಯಲ್ಲಿ ಒಂದು ಚೂರೂ ವಾಸನೆಯಿಲ್ಲ, ಇರುವುದೆಲ್ಲ ಈ ಕೋಣೆಯಲ್ಲೇ. ತಿರುಗಿದರೆ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಆ ಮುಖದಲ್ಲಿ ಅಂಥ ನಗುವನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

"ಬಂದಿದ್ದಾಳೆ, ನಿನಗೂ ಗೊತ್ತಾಯ್ತಲ್ಲ," ಅಂದರು. "ನನಗೇ ಭ್ರಮೆ ಅಂದ್ಕೊಂಡಿದ್ದೆ."

ದೆವ್ವ ಭೂತ ಎಂದರೆ ನಗುವವಳು ನಾನು. ಆದರೆ ನಗಲು ಬಾಯಿ ಬರಲಿಲ್ಲ. ಅತ್ತೆ ಮಾತ್ರ ಅಂದಿನಿಂದ ಬೇರೆಯೇ ಮನುಷ್ಯರಾದರು. ಮಧ್ಯಾಹ್ನ ಮಗ ಮಲಗಿದಾಗ ಮೆಲ್ಲಗೆ ಬಂದು ಮಂಚದ ಕಾಲ ಹತ್ತಿರ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ಕಣ್ಣು ಮುಚ್ಚಿ ಮೂಗರಳಿಸಿ ಏನೋ ಗುನುಗುತ್ತಿದ್ದರು. ಒಮ್ಮೆ ಕಿವಿಗೊಟ್ಟು ಕೇಳಿದೆ. ಜಡೆ ಬಿಗಿಯಾಯ್ತಾ, ಸಡಿಲ ಮಾಡ್ಲಾ ಎಂದು ಯಾರನ್ನೋ ಕೇಳುತ್ತಿದ್ದರು. ನನಗೆ ಭಯದ ಜೊತೆಗೆ ಸಿಟ್ಟೂ ಬಂತು. ಸತ್ತವಳು ಬರುವುದಾದರೆ ಅಮ್ಮನ ಕೋಣೆಗೆ ಬರಲಿ, ನನ್ನ ಗಂಡನ ತಲೆದಿಂಬಿನ ಹತ್ತಿರ ಏನು ಕೆಲಸ? ಇದನ್ನು ಯಾರಿಗೆ ಹೇಳಲಿ? ನಮ್ಮವರಿಗೆ ಹೇಳಿದರೆ, ನನಗೇನೂ ವಾಸನೆ ಇಲ್ವಲ್ಲ ಎಂದರು.

ಅಷ್ಟರಲ್ಲಿ ಅವರಿಗೆ ಜ್ವರ ಬಂತು. ಊಟ ಸೇರಲಿಲ್ಲ, ನೀರು ಕುಡಿದರೂ ನಿಲ್ಲಲಿಲ್ಲ. ಆದರೆ ಮಾತ್ರೆಯನ್ನು ಬಿಡಲಿಲ್ಲ. ಮಾರನೆಯ ದಿನ ವಾಂತಿ ಹೆಚ್ಚಾಗಿ, ಹೊಟ್ಟೆ ಹಿಡಿದುಕೊಂಡು ಮುರುಟಿ ಮಲಗಿದರು. ಡ್ರಮ್ಮುವಿಗೆ ಫೋನ್ ಮಾಡಿದೆ. ತನಗೂ ಶುರುವಿನಲ್ಲಿ ತಲೆನೋವು, ಸುಸ್ತು ಬಂದಿತ್ತು, ಉಪ್ಪು ನೀರು ಕುಡಿಸಿ ಎಂದ. ಬೆರಳು ಚುಚ್ಚಿ ಮೀಟರಿನಲ್ಲಿ ನೋಡಿದರೆ ಸಕ್ಕರೆ ಅಂಥ ಏನೂ ಏರಿರಲಿಲ್ಲ. ನೋಡು, ನಾನು ಗಟ್ಟಿಯಾಗೇ ಇದ್ದೀನಿ ಎಂದರು ನಮ್ಮವರು. ಆದರೆ ಅಷ್ಟು ಹೇಳಲು ನಡುವೆ ಉಸಿರು ಎಳೆದುಕೊಳ್ಳಬೇಕಾಯಿತು. ಮಲಗಿದಲ್ಲೇ ಮೆಟ್ಟಿಲು ಹತ್ತುವವರ ಹಾಗೆ ಉಸಿರು. ಕೋಣೆಯಲ್ಲಿ ವಾಸನೆ ಗವ್ವೆಂದು ತುಂಬಿತ್ತು.

ಅತ್ತೆಗೆ ಹೆದರಿಕೆಯೇ ಇರಲಿಲ್ಲ. ಪುಟ್ಟಿ ಅಣ್ಣನ ಪಕ್ಕದಲ್ಲೇ ಕೂತು ನೋಡಿಕೊಳ್ಳುತ್ತಿದ್ದಾಳೆ ಎಂದರು. ನನಗೆ ತಲೆ ಕೆಟ್ಟುಹೋಯಿತು. ಅವಳು ನೋಡಿಕೊಳ್ಳಲು ಬಂದಿಲ್ಲ, ಕರೆದುಕೊಂಡು ಹೋಗಲು ಬಂದಿದ್ದಾಳೆ ಎಂದು ನನ್ನ ಜೀವ ಕೂಗಿ ಹೇಳಿತು. ಆಸ್ಪತ್ರೆಯ ಯೋಚನೆ ಆಮೇಲಿನದು. ಮೊದಲು ಈ ಮನುಷ್ಯನನ್ನು ಆ ಕೋಣೆಯಿಂದ ಬಿಡಿಸಬೇಕಿತ್ತು. ಅವರ ತೋಳನ್ನು ಹೆಗಲಿಗೆ ಹಾಕಿಕೊಂಡೆ. ನಡುಬಾಗಿಲು ದಾಟಿಸಿ ಅಂಗಡಿಗೆ ಎಳೆದು ತಂದು, ಪಾಲಿಶ್‌ಗೆ ಬಂದಿದ್ದ ಯಾರದೋ ಉದ್ದನೆಯ ಬೆಂಚಿನ ಮೇಲೆ ಮಲಗಿಸಿದೆ. ಬೀದಿಯ ಬಾಗಿಲು ಪೂರ್ತಿ ತೆರೆದೆ. ಜ್ವರ ಬಂದಾಗಿನಿಂದ ಒಂದು ಡಬ್ಬವೂ ಹೊರಗೆ ಬಂದಿರಲಿಲ್ಲ. ಬಿಸಿಲು, ಗಾಳಿ, ಹೋಗುವ ಬರುವ ಗಾಡಿಗಳ ಸದ್ದು ಒಳಗೆ ಬಂತು. ಇನ್ನು ಬಾ ನೋಡೋಣ ಎಂದು ಮನಸ್ಸಿನಲ್ಲೇ ಪುಟ್ಟಿಗೆ ಸವಾಲು ಹಾಕಿದೆ.

ಅವಳು ಬಂದೇ ಬಂದಳು. ಅದೇ ವಾಸನೆ ಆ ಬಿಸಿಲಿನಲ್ಲೂ ಬೆಂಚಿನ ಸುತ್ತ ನಿಂತಿತ್ತು.

ಒಳಗೆ ಓಡಿ ಕೋಣೆ ಮೂಸಿದೆ. ಖಾಲಿ ಕೋಣೆಯಲ್ಲಿ ವಾಸನೆ ಆಗಲೇ ತೆಳುವಾಗುತ್ತಿತ್ತು. ಮತ್ತೆ ಓಡಿ ಬಂದು ಬೆಂಚಿನ ಪಕ್ಕ ಮಂಡಿಯೂರಿ, ನಮ್ಮವರ ಎದೆ ಮೂಸಿದೆ, ಅಂಗೈ ಮೂಸಿದೆ, ಬಾಯಿಯ ಹತ್ತಿರ ಬಗ್ಗಿದೆ. ಅಲ್ಲಿತ್ತು. ಪ್ರತಿ ಉಸಿರಿನ ಜೊತೆ ಹೊರಗೆ ಬರುತ್ತಿತ್ತು.

"ಅತ್ತೆ, ಇಲ್ಲಿ ಬನ್ನಿ. ವಾಸನೆ ಇವರ ಬಾಯಿಂದ ಬರ್ತಿದೆ."

ಅತ್ತೆ ಬಂದು ಬಗ್ಗಿ ಮೂಸಿದರು. ಅವರ ಮುಖದ ನಗು ನನ್ನ ಕಣ್ಣೆದುರೇ ಆರಿಹೋಯಿತು. ಮಗನ ಗಲ್ಲ ಹಿಡಿದು ಅಲುಗಾಡಿಸುತ್ತ, ನಾನು ಕೇಳಿರದ ಹಳೆಯ, ಒರಟು ದನಿಯಲ್ಲಿ ಕೇಳಿದರು.

"ನೀನೂ ಡಬ್ಬ ಮುಟ್ಟಿದ್ಯೇನೋ?"

"ನಾನು ಮುಟ್ಟಿಲ್ಲಮ್ಮ," ಅಂದರು ನಮ್ಮವರು.

ಅತ್ತೆ ಕೈ ಬಿಟ್ಟರು. ಸೊಂಟದ ಬೀಗದ ಕೈಯನ್ನು ಮುಟ್ಟಿ ನೋಡಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ಇವನನ್ನು ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗೋಣ, ಪುಟ್ಟಿಗೂ ಹೀಗೇ ಆಗಿತ್ತು ಎಂದರು. ಡ್ರಮ್ಮು ಮರ ಸಾಗಿಸುವ ಗಾಡಿ ತಂದ. ಹಲಗೆಗಳ ನಡುವೆ ಹಾಸಿಗೆ ಹಾಸಿ ಮಲಗಿಸಿದೆವು. ದಾರಿಯುದ್ದಕ್ಕೂ ನಾನು ಆ ವಾಸನೆ ಬರುತ್ತಿದೆಯೇ ಎಂದು ಬಗ್ಗಿ ನೋಡುತ್ತಿದ್ದೆ. ಬರುತ್ತಿದ್ದರೆ ಉಸಿರು ಇದೆ ಎಂದು ಅರ್ಥ. ನನ್ನನ್ನು ಅಷ್ಟು ದಿನ ಹೆದರಿಸಿದ ವಾಸನೆಗೆ ಈಗ ನಾನೇ ಕಾಯುತ್ತಿದ್ದೆ.

ಆಸ್ಪತ್ರೆಯ ಡಾಕ್ಟರಮ್ಮ ಹತ್ತಿರ ಬಂದವರೇ ಉಸಿರು ನೋಡಿದರು, ಏನು ತಿನ್ನುತ್ತಾರೆ, ಯಾವ ಮಾತ್ರೆ ಎಂದು ಕೇಳಿದರು. ಮಾತ್ರೆಯ ಹಾಳೆ ತೋರಿಸಿದೆ. ಆಮೇಲೆ ಎಲ್ಲ ಓಡಾಟ. ರಕ್ತ ತೆಗೆದರು, ಡ್ರಿಪ್ ಹಾಕಿದರು, ಇನ್ಸುಲಿನ್ ಕೊಟ್ಟರು. ಅದರ ಜೊತೆಗೆ, ನಮ್ಮವರು ಅಷ್ಟು ದಿನ ದೂರವಿಟ್ಟಿದ್ದ ಸಕ್ಕರೆಯನ್ನೇ ನೀರಿನಲ್ಲಿ ನರಕ್ಕೆ ಹರಿಸಿದರು. ಜೀವ ಉಳಿಯಿತು ಎಂದು ಗೊತ್ತಾಗಲು ಮಾರನೆಯ ಬೆಳಿಗ್ಗೆಯಾಯಿತು.

ಡಾಕ್ಟರಮ್ಮ ಬಿಡಿಸಿ ಹೇಳಿದರು. ಕೊಬ್ಬು ಉರಿದಾಗ ರಕ್ತದಲ್ಲಿ ಕೀಟೋನ್ ಅನ್ನುವುದು ಸೇರುತ್ತದೆ, ಉಸಿರಿನಲ್ಲಿ ತಿನ್ನರಿನಂಥ ವಾಸನೆ ಬರುತ್ತದೆ. ಈ ಊಟ ಮಾಡುವ ಎಷ್ಟೋ ಜನಕ್ಕೆ ಅದು ಸ್ವಲ್ಪ ಇದ್ದೇ ಇರುತ್ತದೆ, ಅಪಾಯವಿಲ್ಲ. ಊಟವನ್ನೇ ಬೈಯುವುದೂ ತಪ್ಪು. ಔಷಧಕ್ಕೆ ಬಗ್ಗದ ಫಿಟ್ಸ್ ಬರುವ ಮಕ್ಕಳಿಗೆ ನಾವೇ ಇದನ್ನು ಕಣ್ಣಲ್ಲಿ ಕಣ್ಣಿಟ್ಟು ಮಾಡಿಸುತ್ತೇವೆ, ಕೆಲವರಿಗೆ ತೂಕ, ಸಕ್ಕರೆ ಇಳಿಯುವುದೂ ನಿಜ. ಆದರೆ ಈ ಮಾತ್ರೆ ನುಂಗುವವರು ಕೇಳದೆ ಇದಕ್ಕೆ ಇಳಿಯಬಾರದು. ಜ್ವರ ಬಂದು ಊಟ ನೀರು ನಿಂತರೆ ಕೀಟೋನ್ ಮಿತಿಮೀರಿ ರಕ್ತ ಹುಳಿಯಾಗುತ್ತದೆ, ಮೀಟರಿನಲ್ಲಿ ಸಕ್ಕರೆ ಸರಿಯಾಗೇ ಕಾಣುತ್ತಿರುತ್ತದೆ. ವಾಂತಿ, ಹೊಟ್ಟೆನೋವು, ಈ ಥರ ಉಸಿರು ಕಂಡರೆ ಒಂದು ಗಳಿಗೆಯೂ ಕಾಯಬೇಡಿ ಎಂದರು. ಡ್ರಮ್ಮು ತಲೆ ತಗ್ಗಿಸಿ ಕೇಳಿದ, ತಾನೂ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳುತ್ತೇನೆ ಎಂದ.

ಆಗ ಅತ್ತೆ ಕೇಳಿದರು. ಯಾವ ಊಟವನ್ನೂ ಬಿಡದ, ಯಾವ ಮಾತ್ರೆಯನ್ನೂ ನುಂಗದ ಒಂದು ಹುಡುಗಿ ಇದ್ದಳು. ತುಂಬಾ ನೀರು ಕುಡಿಯುತ್ತಿದ್ದಳು, ಕಡ್ಡಿಯಾಗಿದ್ದಳು, ಈ ವಾಸನೆ ಬರುತ್ತಿತ್ತು, ಅವಳಿಗೆ ಏನಾಗಿತ್ತು? ನೋಡದವರ ವಿಷಯ ಖಚಿತವಾಗಿ ಹೇಳಲಾರೆ, ಆದರೆ ಆ ವಯಸ್ಸಿಗೆ ಬರುವ ಸಕ್ಕರೆ ಕಾಯಿಲೆ ಹಾಗೇ ಶುರುವಾಗುತ್ತದೆ, ಆಗಲೂ ಕೊನೆಗೆ ಇದೇ ವಾಸನೆ ಎಂದರು ಡಾಕ್ಟರಮ್ಮ. ಇನ್ಸುಲಿನ್ ಕೊಟ್ಟರೆ ಉಳಿಯುತ್ತಾರಾ ಎಂದು ಅತ್ತೆ ಕೇಳಿದರು. ಹೊತ್ತಿಗೆ ಸರಿಯಾಗಿ ಕೊಟ್ಟರೆ ಸಾಮಾನ್ಯವಾಗಿ ಉಳಿಯುತ್ತಾರೆ ಎಂದರು ಡಾಕ್ಟರಮ್ಮ.

ನಮ್ಮವರು ಮನೆಗೆ ಬಂದರು. ಡಾಕ್ಟರಮ್ಮ ಆ ಮಾತ್ರೆ ನಿಲ್ಲಿಸಿ ಬೇರೆ ಬರೆದುಕೊಟ್ಟರು, ತಟ್ಟೆಗೆ ಹಿಡಿ ಅನ್ನ ಮರಳಿತು. ಹೊಟ್ಟೆಯೂ ಮರಳುತ್ತಿದೆ, ಮರಳಲಿ. ಎದ್ದ ತಕ್ಷಣ ನಾನು ಅವರ ಬಾಯಿ ಮೂಸುತ್ತೇನೆ, ಅವರು ಬೈಯುತ್ತಾರೆ.

ಮೊನ್ನೆ ರಜೆಯ ಮಧ್ಯಾಹ್ನ ಒಳಕೋಣೆಯಿಂದ ಮತ್ತೆ ವಾಸನೆ ಬಂತು. ನಮ್ಮವರು ಮನೆಯಲ್ಲಿರಲಿಲ್ಲ. ಬಾಗಿಲು ತಳ್ಳಿ ನೋಡಿದರೆ, ಅತ್ತೆ ಕಿಟಕಿ ಹಾಕಿಕೊಂಡು ನೆಲದ ಮೇಲೆ ಕೂತಿದ್ದರು. ಮುಂದೆ ತಿನ್ನರ್ ಡಬ್ಬ, ಮುಚ್ಚಳ ತೆರೆದಿತ್ತು. ಬಗ್ಗಿ ಮೂಸುವುದು, ತಲೆಯೆತ್ತಿ ಕಣ್ಣು ಮುಚ್ಚುವುದು, ಮತ್ತೆ ಬಗ್ಗುವುದು. ನಾನು ಪಕ್ಕದಲ್ಲಿ ಕೂತೆ.

"ಇದಲ್ಲ," ಅಂದರು. "ಅವಳದ್ದು ಸ್ವಲ್ಪ ಸಿಹಿ ಇತ್ತು, ಮಾಗಿದ ಹಣ್ಣಿನ ಥರ. ಇದು ಬರೀ ಘಾಟು. ಎರಡೂ ಬೇರೆ ಬೇರೆ ಕಣೇ. ಈ ಮನೆಗೆ ಬಂದಾಗಿಂದ ಈ ವಾಸನೆಯಲ್ಲೇ ಇದ್ದೀನಿ, ನನಗೆ ಗೊತ್ತಾಗ್ಬೇಕಿತ್ತು."

ಅತ್ತೆ ಮತ್ತೊಮ್ಮೆ ಬಗ್ಗಿ ಮೂಸಿ ತಲೆಯೆತ್ತಿದರು.

"ಬಾಯಿ ತೆಗಿ ಅಂದೆ. ತೆಗೆದ್ಲು, ಮೂಸಿ ನೋಡಿದೆ. ನಾನು ಮುಟ್ಟಿಲ್ಲಮ್ಮ ಅಂದ್ಲು. ಆ ಬಾಯಿ ಮೇಲೇ ಹೊಡೆದೆ."

ಡಬ್ಬದ ಮುಚ್ಚಳ ಹಾಕಲು ಕೈ ಚಾಚಿದೆ. ಅತ್ತೆ ನನ್ನ ಕೈ ತಡೆದು, ಸೊಂಟದಿಂದ ಬೀಗದ ಕೈ ಬಿಚ್ಚಿ ನನ್ನ ಅಂಗೈಯಲ್ಲಿ ಇಟ್ಟರು. ಆಮೇಲೆ ಮತ್ತೆ ಡಬ್ಬದ ಮೇಲೆ ಬಗ್ಗಿದರು.