ಕುರಿಮರಿ ಮನೆಗೆ ಬಂತು

ಕರೆದರೆ ಓಗೊಡದ ಮಕ್ಕಳು ಯಾರ ಮನೆಯಲ್ಲಿಲ್ಲ ಹೇಳಿ? ಆದರೆ ಟೈಲರಮ್ಮನ ಮಗಳ ವಿಷಯ ಬೇರೆ. ಐದು ವರ್ಷದ ಆ ಹುಡುಗಿಗೆ ಬೀದಿಯವರೆಲ್ಲ ಇಟ್ಟ ಹೆಸರು ಮಾತಿನಮಲ್ಲಿ. ಹೊಲಿಗೆ ಯಂತ್ರದ ಸದ್ದನ್ನೂ ಮೀರಿಸುವ ಬಾಯಿ ಅವಳದು. ಅಂಥವಳು ಆ ವಾರ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಎಷ್ಟೋ ಸಲ ಕರೆದರೂ ತಿರುಗಿ ನೋಡುತ್ತಿರಲಿಲ್ಲ.

"ಸೊಕ್ಕು ಬಂದಿದೆ ಇವಳಿಗೆ," ಎಂದಳು ಟೈಲರಮ್ಮ.

"ಬಿಡು, ಸಂಜೆ ಒಂದು ಕಥೆ ಹೇಳ್ತೀನಿ. ದಾರಿಗೆ ಬರ್ತಾಳೆ," ಎಂದರು ಅತ್ತೆ, ಹುಡುಗಿಯ ಅಜ್ಜಿ.

ಅಜ್ಜಿಯ ಕಥೆ ಕೇಳಲು ಎರಡು ಕಿವಿ ಸಾಲದು. ತೋಳದ ಹಾಗೆ ಊಳಿಡುತ್ತಿದ್ದರು, ಮರುಕ್ಷಣವೇ ಕುರಿಮರಿಯಾಗಿ ಅಳುತ್ತಿದ್ದರು. ಒಂದೇ ತೊಂದರೆ. ಅವರ ಕಥೆಯಲ್ಲಿ ತಪ್ಪು ಮಾಡಿದವರು ಯಾರೂ ಮನೆಗೆ ವಾಪಸ್ ಬಂದದ್ದಿಲ್ಲ. ಕದ್ದ ಕಾಗೆ ಬಾವಿಗೆ ಬೀಳುತ್ತದೆ, ಸುಳ್ಳು ಹೇಳಿದ ಕುರಿಮರಿಯನ್ನು ತೋಳ ನುಂಗುತ್ತದೆ. ಕೊನೆಗೆ ಅಜ್ಜಿ ಬೆರಳೆತ್ತಿ, "ನೋಡಿದ್ಯಾ?" ಎನ್ನುತ್ತಾರೆ.

ಆ ಸಂಜೆಯೂ ಹಾಗೇ ಆಯಿತು. ಹೊಲಿಯಲು ಕೊಟ್ಟ ಬಟ್ಟೆ ಒಯ್ಯಲು ಪಕ್ಕದ ಮನೆಯ ನರ್ಸಕ್ಕ ಬಂದಿದ್ದಳು. ಸುಳ್ಳು ಹೇಳಿದ ಕುರಿಮರಿಯ ಕಥೆಯಲ್ಲಿ ತೋಳ ಬಾಯಿ ತೆರೆಯುತ್ತಿದ್ದಂತೆ ಹುಡುಗಿ ಬಲಗಿವಿ ಮುಚ್ಚಿಕೊಂಡು ಬಟ್ಟೆಯ ರಾಶಿಯ ಹಿಂದೆ ಅವಿತದ್ದನ್ನು ಅವಳು ಕಂಡಳು.

"ಅಜ್ಜಿ, ಆ ಮರಿ ಅಮ್ಮನಿಗೆ ನಿಜ ಹೇಳಿದ್ರೆ ಏನಾಗ್ತಿತ್ತು?" ಎಂದಳು ನರ್ಸಕ್ಕ.

"ಹೇಳೋಕೆ ಅದು ಉಳಿದಿದ್ರೆ ತಾನೆ?"

"ಉಳಿಸಿ ನೋಡಿ ಅಜ್ಜಿ. ತಪ್ಪು ಮಾಡಿದ್ರೆ ಉಳಿಗಾಲ ಇಲ್ಲ ಅಂತ ಗೊತ್ತಾದ್ರೆ, ಮಗು ತಪ್ಪು ಮಾಡೋದು ಬಿಡಲ್ಲ. ಮಾಡಿದ್ದನ್ನ ಬಚ್ಚಿಡುತ್ತೆ."

"ನನ್ನ ಮಗನ್ನ ಇದೇ ಕಥೆ ಹೇಳಿ ಬೆಳೆಸಿದ್ದು. ಅವನಿಗೇನಾಗಿದೆ?"

"ಕರೆಂಟ್ ಹೋದ್ರೆ ಈಗಲೂ ನನ್ನ ಕೈ ಹಿಡ್ಕೋತಾರೆ ಅತ್ತೆ," ಎಂದಳು ಟೈಲರಮ್ಮ, ಹೊಲಿಗೆಯಿಂದ ತಲೆ ಎತ್ತದೆ. ಅಜ್ಜಿಗೂ ನಗು ತಡೆಯಲಾಗಲಿಲ್ಲ.

ನರ್ಸಕ್ಕ ನೆಲದ ಮೇಲೆ ಕುಳಿತಳು. ಬಟ್ಟೆಯ ರಾಶಿಗೆ ಕೇಳುವಂತೆ ಕಥೆಯನ್ನು ಮುಂದುವರಿಸಿದಳು.

"ಮರಿ ತೋಳದ ಕೈಗೆ ಸಿಗಲಿಲ್ಲ. ಓಡಿ ಮನೆಗೆ ಬಂತು. 'ಅಮ್ಮಾ, ನಾನು ಸುಳ್ಳು ಹೇಳಿದೆ' ಅಂತು. ಅಮ್ಮನಿಗೆ ಕೋಪ ಬಂತು, ಬರದೇ ಇರುತ್ತಾ? ಆದ್ರೂ ಬಾಗಿಲು ತೆಗೆದಳು. 'ನಿಜ ಹೇಳಿದ್ಯಲ್ಲ, ಒಳಗೆ ಬಾ. ಇಬ್ರೂ ಸೇರಿ ಸರಿ ಮಾಡೋಣ' ಅಂದಳು."

ರಾಶಿಯ ಹಿಂದಿನಿಂದ ಸಣ್ಣ ದನಿ ಕೇಳಿತು.

"ಆ ಮರಿಗೆ ಕಿವಿ ನೋಯ್ತಿತ್ತಾ?"

ಹೊಲಿಗೆ ಯಂತ್ರ ನಿಂತಿತು.

"ಯಾಕೆ ನೋಯ್ತಿತ್ತು ಕಂದಾ?" ಎಂದಳು ನರ್ಸಕ್ಕ.

"ಅಮ್ಮನ ಡಬ್ಬಿಯಿಂದ ಮಣಿ ತಗೊಂಡು ಕಿವಿಯೊಳಗೆ ಹಾಕ್ಕೊಂಡಿತ್ತು. ಅಮ್ಮ ಕೇಳಿದಾಗ ಮುಟ್ಟೇ ಇಲ್ಲ ಅಂದಿತ್ತು."

ಸೊಕ್ಕು ಅಂದುಬಿಟ್ಟೆನಲ್ಲ ಎಂದು ಟೈಲರಮ್ಮ ಮಗಳನ್ನು ಎಳೆದು ಅಪ್ಪಿಕೊಂಡಳು. ಅಜ್ಜಿ ಪಿನ್ನು ಹುಡುಕಲು ಎದ್ದರೆ ನರ್ಸಕ್ಕ ಕೈ ಹಿಡಿದಳು.

"ಪಿನ್ನೂ ಬೇಡ, ಎಣ್ಣೆಯೂ ಬೇಡ ಅಜ್ಜಿ. ಮಣಿ ಇನ್ನೂ ಒಳಗೆ ಹೋಗುತ್ತೆ. ನಡೀರಿ, ಡಾಕ್ಟರ್ ಹತ್ರ ಹೋಗೋಣ."

ಡಾಕ್ಟರು ಮಣಿ ತೆಗೆದರು. ಇನ್ನಷ್ಟು ದಿನ ಬಚ್ಚಿಟ್ಟಿದ್ದರೆ ಕೀವಾಗಿ ಕಿವಿಗೇ ಕುತ್ತು ಬರಬಹುದಿತ್ತು ಎಂದರು. ದಾರಿಯುದ್ದಕ್ಕೂ ಅಜ್ಜಿ ಮೊಮ್ಮಗಳ ಕೈ ಬಿಡಲಿಲ್ಲ. ಮಾತಿನಮಲ್ಲಿ ಬಾಕಿ ಉಳಿದಿದ್ದ ಮಾತನ್ನೆಲ್ಲ ಮನೆ ತಲುಪುವುದರೊಳಗೆ ಆಡಿ ಮುಗಿಸಿದಳು.

ಮರುದಿನ ಸಂಜೆ ಮತ್ತೆ ಅದೇ ಕಥೆ. ಅಜ್ಜಿ ತೋಳವನ್ನು ಬಿಡಲಿಲ್ಲ, ಊಳಿಡುವುದನ್ನೂ ಕಡಿಮೆ ಮಾಡಲಿಲ್ಲ. ಕೊನೆಗೆ ಅಭ್ಯಾಸಬಲದಿಂದ ಬೆರಳು ಮೇಲಕ್ಕೆದ್ದಿತು. ಒಮ್ಮೆ ಅದನ್ನೇ ನೋಡಿ ಕೆಳಗಿಳಿಸಿದರು. ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡರು.

"ಮರಿ ಓಡಿ ಬಂದು ಬಾಗಿಲು ತಟ್ಟಿತು. ಯಾರು ತೆಗೆದ್ರು ಹೇಳು?"

"ಅಜ್ಜಿ ಕುರಿ," ಎಂದಳು ಮಾತಿನಮಲ್ಲಿ.

ಇಂದು ಸಂಜೆ ನೀವೂ ನಿಮ್ಮ ಮಗುವಿಗೆ ಒಂದು ನೀತಿಕಥೆ ಹೇಳಿ. ತೋಳ ಇರಲಿ, ಕಾಡೂ ಇರಲಿ, ತಪ್ಪಿಗೆ ತಕ್ಕ ಬುದ್ಧಿಮಾತೂ ಇರಲಿ. ಆದರೆ ತಪ್ಪು ಮಾಡಿದ ಮರಿಗೆ ಮನೆಯ ದಾರಿ ಮುಚ್ಚಬೇಡಿ. ನಾಳೆ ನಿಮ್ಮ ಮಗು ನಿಮ್ಮ ಹತ್ತಿರ ಬರಬೇಕಾದದ್ದು ಅದೇ ದಾರಿಯಲ್ಲಿ.