ಹೂಪಾತಿಯ ಯಜಮಾನರು

"ಈ ಪಾತಿಯ ಕೆಂಪು ನೋಡಿ ರೈಲೇ ನಿಂತುಬಿಟ್ಟಿತ್ತು ಕಣ್ರೀ!" ಅಂಗಳದಲ್ಲಿ ಮಡಿಸುವ ಕುರ್ಚಿಗಳನ್ನು ಬಿಡಿಸಿಡುತ್ತಲೇ ನಿವೃತ್ತ ಬಸ್ ಕಂಡಕ್ಟರು ಹೇಳುತ್ತಿದ್ದರು. "ಸಿಗ್ನಲ್ ಅಂದ್ಕೊಂಡಿದಾನೆ ಡ್ರೈವರು. ಹನ್ನೆರಡು ಬೋಗಿ, ಒಂದೂವರೆ ಗಂಟೆ! ಎರಡು ಸಸಿ ಕೊಟ್ರೇನೇ ಗಾಡಿ ಬಿಡೋದು ಅಂತ ಇಲ್ಲೇ ಬಂದು ಕೂತ."

ಪಕ್ಕದ ಮನೆಯ ಟೈಲರ್‌ಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಒಳಗೆ ನಡುಮನೆಯಲ್ಲಿ ಕಂಡಕ್ಟರ ಹೆಂಡತಿಯ ಶವವಿತ್ತು. "ಹಳಿ ಇಲ್ಲಿಂದ ಎರಡು ಮೈಲಿ ದೂರ ಇದೆಯಲ್ರೀ ಕಂಡಕ್ಟ್ರೇ?"

"ಅಷ್ಟು ದೂರ ಕಾಣೋದು ಅದರ ಕೆಂಪು!"

ಕೆಲಸದಲ್ಲಿದ್ದಾಗ ಅವರು ಹರಿದ ಟಿಕೆಟ್ಟುಗಳನ್ನು ಜೋಡಿಸಿದ್ದರೆ ಚಂದ್ರನವರೆಗೆ ಹೋಗಿ ಚಿಲ್ಲರೆ ತರಬಹುದಿತ್ತು ಎನ್ನುವಂಥ ಬಾಯಿ. ನಿನ್ನೆ ಬೆಳಗ್ಗೆ ಹೆಂಡತಿ ಏಳದೇ ಹೋದಾಗಿನಿಂದ ಅವರ ಮೈಯಲ್ಲಿ ಆ ಬಾಯೊಂದೇ ಕೆಲಸ ಮಾಡುತ್ತಿತ್ತು. ಉಳಿದದ್ದೆಲ್ಲ ಜೋಮು ಹಿಡಿದ ಕಾಲು. ಯಾರೋ ಕಾಫಿ ಕೊಟ್ಟರು, ಕುಡಿದರು. ಬಿಸಿಯಿತ್ತೋ ತಣ್ಣಗಿತ್ತೋ ದೇವರೇ ಬಲ್ಲ.

ನಾದಿನಿ ಎರಡು ಟ್ರೇ ಹೊತ್ತು ಬಂದಳು. ಮೊಸರಿನ ಖಾಲಿ ಕಪ್ಪುಗಳಲ್ಲಿ ಎಂಬತ್ತು ಸಸಿಗಳು.

"ಭಾವ, ಅಕ್ಕ ಮಣ್ಣು ಅಗೆದು, ಗೊಬ್ಬರ ಹಾಕಿ ಎಲ್ಲ ರೆಡಿ ಮಾಡಿಟ್ಟಿದಾಳೆ. ಈ ಬೋಳು ಮಣ್ಣಿನ ಪಕ್ಕದಲ್ಲಿ ಅವಳನ್ನ ಹೊತ್ಕೊಂಡು ಹೋಗೋಕೆ ನನ್ ಕೈಲಾಗಲ್ಲ. ಗಾಡಿ ಬರೋಕೆ ಇನ್ನೂ ಎರಡು ಗಂಟೆ ಇದೆ. ಪ್ಲಾನ್ ಎಲ್ಲ ನಿಮ್ಮದೇ ಅಲ್ವಾ, ಯಾವುದು ಎಲ್ಲಿ ಅಂತ ಹೇಳಿ. ನೆಟ್ಟುಬಿಡೋಣ."

ಮಗಳು ಆಗಲೇ ಸಲಿಕೆ ಹಿಡಿದು ನಿಂತಿದ್ದಳು. ಕಂಡಕ್ಟರು ಸಸಿಗಳನ್ನು ನೋಡಿದರು. ಎಂಬತ್ತೂ ಹಸಿರು, ಎಂಬತ್ತೂ ಬೆರಳುದ್ದ. ರಶ್ ಬಸ್ಸಿನ ಮುಖಗಳ ಹಾಗೆ ಒಂದೂ ಗುರುತು ಸಿಗಲಿಲ್ಲ.

*

ಹದಿನಾಲ್ಕು ವರ್ಷಗಳ ಹಿಂದೆ ನಗರದ ಹೂದೋಟ ಸ್ಪರ್ಧೆಯ ತೀರ್ಪುಗಾರರು ಇದೇ ಗೇಟಿನಲ್ಲಿ ನಿಂತು ಕಣ್ಣರಳಿಸಿದ್ದರು. ಹಿಂದೆ ಎತ್ತರದ ಡೇಲಿಯಾ, ನಡುವೆ ಸೇವಂತಿಗೆ, ಅಂಚಿಗೆ ನೆಲಕ್ಕಂಟಿದ ಪುಟ್ಟ ಹೂಗಳು. ಒಂದು ಬಾಡುವ ಹೊತ್ತಿಗೆ ಇನ್ನೊಂದು ಅರಳಬೇಕು, ಬರಿ ಮಣ್ಣು ಕಾಣಕೂಡದು. ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನವಿಡೀ ಬಿಳಿ ಚಾದರ ಮಡಿಸಿ ಬರುತ್ತಿದ್ದ ಹೆಂಡತಿಯ ಹಟ ಅದು.

"ಯಾರದು ಈ ಯೋಜನೆ?"

ಅವಳು ಒಳಗೆ ಕೈ ತೊಳೆಯುತ್ತಿದ್ದಳು. "ನಂದೇ ಸಾರ್," ಎಂದುಬಿಟ್ಟರು ಕಂಡಕ್ಟರು. "ಹದಿನೈದು ದಿನ ನಿದ್ದೆ ಮಾಡಿಲ್ಲ."

ಕೈ ಒರೆಸುತ್ತ ಬಂದವಳಿಗೆ ಅದು ಕೇಳಿಸಿತ್ತು. "ಹೌದು, ಇವರದ್ದೇ," ಎಂದಳು.

ಬಹುಮಾನದ ಫೋಟೋ ಪತ್ರಿಕೆಯಲ್ಲಿ ಬಂದ ದಿನ ಕಂಡಕ್ಟರು ಮೆಲ್ಲನೆ ಕೇಳಿದ್ದರು, "ಬೇಜಾರಾಯ್ತಾ?"

"ಬಿಡಿ. ಬಾಯಿ ನಿಮ್ಮದು, ಮಣ್ಣು ನಂದು. ಫೋಟೋಗೆ ನಿಲ್ಬೇಕು ಅಂದ್ರೆ ನಾನು ತಲೆ ಬೇರೆ ಬಾಚ್ಕೋಬೇಕಿತ್ತು."

ಬರುವ ವರ್ಷ ನಿಜ ಹೇಳಿಬಿಡೋಣ ಎಂದುಕೊಂಡರು. ಬರುವ ವರ್ಷಗಳು ಹದಿನಾಲ್ಕು ಬಂದು ಹೋದವು.

*

"ಭಾವ?"

ಗೊತ್ತಿಲ್ಲವೆಂದರೆ ಅವಳಿಗೆ ಬರಬೇಕಾದ ಹೆಸರನ್ನು ತಾವು ನುಂಗಿದ್ದು ಅವಳ ಶವದ ಮುಂದೆಯೇ ಬಯಲಾಗುತ್ತದೆ. ಗೊತ್ತಿದೆಯೆಂದರೆ ಅವಳ ಕೊನೆಯ ಪಾತಿ ಕೆಡುತ್ತದೆ. ಕಂಡಕ್ಟರ ಬೆರಳು ತಾನಾಗಿ ಎದ್ದಿತು. "ಇವು ಹಿಂದಕ್ಕೆ. ಆಳೆತ್ತರ ಬರ್ತವೆ."

ಮಗಳು ಗುಂಡಿ ತೋಡಿದಳು. ಅಷ್ಟರಲ್ಲಿ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದ, ಸತ್ತವಳ ಲಾಂಡ್ರಿ ಗೆಳತಿ ಕಣ್ಣೊರೆಸಿಕೊಂಡು ಬಗ್ಗಿ ನೋಡಿದಳು.

"ಅಯ್ಯೋ ಅಣ್ಣ, ಅದು ನೆಲಕ್ಕೆ ಹಬ್ಬೋದು! ಹೋದ ವರ್ಷ ನಂಗೂ ಕೊಟ್ಟಿದ್ಲು. ಇವತ್ತಿನವರೆಗೂ ನನ್ನ ಪಾದ ದಾಟಿ ಮೇಲೆ ಬಂದಿಲ್ಲ."

"ಇದು ಹೊಸ ತಳಿ. ಮನೆ ಸೂರು ಮುಟ್ಟಿ ಆಮೇಲೆ..."

"ಅಪ್ಪಾ," ಮಗಳು ಸಲಿಕೆ ಕೆಳಗಿಟ್ಟಳು. "ಇದು ಅಮ್ಮಂದು. ಸರಿಯಾಗಿ ಹೇಳು. ನಿಂಗೆ ಗೊತ್ತಾ, ಇಲ್ವಾ?"

ಬಾಯಿ ತೆರೆದುಕೊಂಡಿತು. ಜೀವಮಾನದಲ್ಲಿ ಮೊದಲ ಸಲ ಅದರಲ್ಲಿ ಕತೆ ಇರಲಿಲ್ಲ.

"ಗೊತ್ತಿಲ್ಲ," ಎಂದರು ಕಂಡಕ್ಟರು. "ಒಂದು ಸಸಿನೂ ಗೊತ್ತಿಲ್ಲ. ಯಾವತ್ತೂ ಗೊತ್ತಿರಲಿಲ್ಲ. ಪ್ಲಾನ್, ಬಹುಮಾನ, ಎಲ್ಲ ಅವಳದ್ದೇ. ನಾನು ಸುಳ್ಳು ಹೇಳಿದೆ."

ಟೈಲರ್ ತಲೆ ಕೆರೆದುಕೊಂಡರು. "ಅಲ್ರೀ, ನೆಡೋ ದಿನ ಬೆಳಗಿಂದ ಸಂಜೆವರೆಗೂ ಪಾತಿಯೊಳಗೇ ಇರ್ತಿದ್ರಲ್ಲ, ನಾನೇ ನೋಡಿದೀನಿ. ಏನ್ ಮಾಡ್ತಿದ್ರಿ ಮತ್ತೆ?"

"ನಿಲ್ತಿದ್ದೆ."

"ನಿಲ್ತಿದ್ರಾ?"

"ಪಾತ್ರೆ ತೊಳೀತಾ ಅವಳಿಗೆ ದಿನಾ ಪಾತಿ ಕಾಣೋದು ಅಡುಗೆಮನೆ ಕಿಟಕಿಯಿಂದ. ಗಿಡ ಬೆಳೆದ್ಮೇಲೆ ಅಲ್ಲಿಂದ ಹೆಂಗೆ ಕಾಣುತ್ತೆ ಅಂತ ನೋಡೋಕೆ ನನ್ನನ್ನ ಗಿಡದ ಜಾಗದಲ್ಲಿ ನಿಲ್ಲಿಸೋಳು. ಎತ್ತರದ್ದಕ್ಕೆ ಕೈ ಎತ್ತಿ ನಿಲ್ಬೇಕು. ನಡುವಿಂದಕ್ಕೆ ಕುಕ್ಕರುಗಾಲು. ಗಿಡ್ಡದ್ದಕ್ಕೆ ಮಲ್ಗಿದ್ದೂ ಉಂಟು. ಎಡಕ್ಕೆ ಅಂದ್ರೆ ಎಡಕ್ಕೆ, ಬಲಕ್ಕೆ ಅಂದ್ರೆ ಬಲಕ್ಕೆ. ಅಷ್ಟೇ ನನ್ ಕೆಲ್ಸ."

ಲಾಂಡ್ರಿಯ ಗೆಳತಿ ನೆಲದಲ್ಲಿ ಕೂತು, ಎಲೆ ಮುಟ್ಟಿ ಮುಟ್ಟಿ ಕಪ್ಪುಗಳನ್ನು ಬೇರೆ ಮಾಡತೊಡಗಿದಳು. ಕಂಡಕ್ಟರು ಚಪ್ಪಲಿ ಬಿಟ್ಟು ಪಾತಿಗೆ ಇಳಿದರು. ಮಣ್ಣು ತಣ್ಣಗಿತ್ತು. ಹಿಂದಿನ ಸಾಲಿಗೆ ಹೋಗಿ ಎರಡೂ ಕೈ ಮೇಲಕ್ಕೆತ್ತಿ, ಬೆರಳುಗಳನ್ನು ಬಿಡಿಸಿ, ಅಡುಗೆಮನೆಯ ಕಿಟಕಿಯ ಕಡೆ ಮುಖ ಮಾಡಿ ನಿಂತರು.

ಗಾಜಿನಲ್ಲಿ ಬರೀ ಆಕಾಶ ಕಾಣುತ್ತಿತ್ತು. ಎಡಕ್ಕೆ ಎನ್ನುವವರಿಲ್ಲ, ಬಲಕ್ಕೆ ಎನ್ನುವವರಿಲ್ಲ. ತೋಳು ನೋಯತೊಡಗಿದರೂ ಕಂಡಕ್ಟರು ಕೈ ಇಳಿಸಲಿಲ್ಲ.